ಇಪಿಎಬಿಎಕ್ಸ್‌ಗೆ ಯಾವ ಕಾರ್ಡ್, ಎಷ್ಟು ಲೈನ್: ಕೊಳ್ಳುವ ಮುನ್ನ ಮಾಡಬೇಕಾದ ಹೋಲಿಕೆ

ಕೊಟೇಷನ್‌ನಲ್ಲಿ "200 ಪೋರ್ಟ್ ಇಪಿಎಬಿಎಕ್ಸ್" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕಟ್ಟಡದೊಳಗಿನ ಫೋನುಗಳನ್ನು ತಮ್ಮತಮ್ಮಲ್ಲೂ ಹೊರಗಿನ ಲೈನಿಗೂ ಜೋಡಿಸುವ ಪೆಟ್ಟಿಗೆಯೇ ಇಪಿಎಬಿಎಕ್ಸ್. ಕೊಳ್ಳುವವರು ತಮ್ಮ ಕಟ್ಟಡದ ಫೋನುಗಳನ್ನು ಎಣಿಸಿ, ಸಂಖ್ಯೆ ತಾಳೆಯಾದರೆ ಸಹಿ ಹಾಕಿಬಿಡುತ್ತಾರೆ. ಆದರೆ ಆ 200 ಎಂಬುದು ಪೆಟ್ಟಿಗೆಗೆ ಎಷ್ಟು ತಂತಿ ಸಿಕ್ಕಿಸಬಹುದು ಎಂಬುದರ ಲೆಕ್ಕ. ಬೆಳಿಗ್ಗೆ ಹತ್ತು ಗಂಟೆಗೆ ಒಟ್ಟಿಗೆ ಎಷ್ಟು ಮಂದಿ ಮಾತನಾಡಬಹುದು ಎಂಬುದನ್ನು ಅದು ಹೇಳುವುದೇ ಇಲ್ಲ. ಹೊಸ ಇಪಿಎಬಿಎಕ್ಸ್ ಬಂದ ತಿಂಗಳಲ್ಲೇ "ಹೊರಗಿನಿಂದ ಲೈನೇ ಸಿಗುವುದಿಲ್ಲ" ಎಂಬ ದೂರು ಶುರುವಾಗುವುದು ಬಹುಪಾಲು ಈ ಕಾರಣಕ್ಕೆ.

ಐವತ್ತರಿಂದ ಮುನ್ನೂರು ಫೋನುಗಳಿರುವ ಆಸ್ಪತ್ರೆ, ಕಾಲೇಜು, ಲಾಡ್ಜ್, ಕಾರ್ಖಾನೆಗಳ ಆಡಳಿತ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಂಪನಿಗಳ ಹೆಸರು ಹಿಡಿದು ಇದು ಒಳ್ಳೆಯದು, ಅದು ಕೆಟ್ಟದ್ದು ಎನ್ನುವ ಗೋಜಿಗೆ ಹೋಗುವುದಿಲ್ಲ. ಯಾವ ಕಂಪನಿಯ ಪೆಟ್ಟಿಗೆಯಾದರೂ ಒಳಗಿನ ಕಾರ್ಡ್‌ಗಳ (ಲೈನು, ಫೋನು ಜೋಡಿಸುವ ಸರ್ಕ್ಯೂಟ್ ಬೋರ್ಡ್‌ಗಳ) ಜಾತಿ ಹೆಚ್ಚುಕಡಿಮೆ ಒಂದೇ, ತಪ್ಪು ಆಯ್ಕೆಯ ಪರಿಣಾಮವೂ ಒಂದೇ.

ಮೊದಲು ಲೆಕ್ಕ, ಆಮೇಲೆ ಕಾರ್ಡ್

ಫೋನ್ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದು ಹೆಸರು. ಒಂದು ಲೈನ್ ಇಡೀ ಒಂದು ಗಂಟೆ ಬಿಡುವಿಲ್ಲದೆ ಮಾತಿನಲ್ಲಿದ್ದರೆ ಅದು ಒಂದು ಎರ್ಲಾಂಗ್. ಹತ್ತು ನಿಮಿಷದ ಆರು ಕರೆಗಳಾದರೂ ಒಂದು ಎರ್ಲಾಂಗ್, ಎರಡು ನಿಮಿಷದ ಮೂವತ್ತು ಕರೆಗಳಾದರೂ ಅಷ್ಟೇ. ಹಳೆಯ ಅಮೆರಿಕನ್ ಕೈಪಿಡಿಗಳಲ್ಲಿ ಸಿಸಿಎಸ್ ಎಂಬ ಮಾನ ಕಾಣಿಸುತ್ತದೆ. ನೂರು ಸೆಕೆಂಡಿನ ಮಾತಿಗೆ ಒಂದು ಸಿಸಿಎಸ್, ಆದ್ದರಿಂದ 36 ಸಿಸಿಎಸ್ ಸೇರಿದರೆ ಒಂದು ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಇಂದಿಗೂ ಎಲ್ಲರೂ ಬಳಸುವುದು. ಸೂತ್ರ ಬಾಯಿಪಾಠ ಬೇಕಿಲ್ಲ, ಅದರ ಕೋಷ್ಟಕದ ಐದು ಸಾಲು ಸಾಕು. ನೂರು ಸಲ ಪ್ರಯತ್ನಿಸಿದರೆ ಒಂದು ಸಲ ಮಾತ್ರ "ಎಲ್ಲ ಲೈನ್ ಬ್ಯುಸಿ" ಆಗಬಹುದು ಎಂದು ಒಪ್ಪಿಕೊಂಡರೆ, ಎಷ್ಟು ಲೈನಿಗೆ ಎಷ್ಟು ಹೊರೆ ಎಂಬುದು ಹೀಗೆ:

4 ಲೈನ್: 0.87 ಎರ್ಲಾಂಗ್
8 ಲೈನ್: 3.13
16 ಲೈನ್: 8.88
30 ಲೈನ್: 20.3
60 ಲೈನ್: 46.9

ಒಂದು ವಿಚಿತ್ರ ಗಮನಿಸಿ. ಎಂಟು ಲೈನ್ ಹೊರುವುದು ಮೂರು ಚಿಲ್ಲರೆ, ಹದಿನಾರು ಲೈನ್ ಹೊರುವುದು ಹೆಚ್ಚುಕಡಿಮೆ ಒಂಬತ್ತು. ಲೈನ್ ಇಮ್ಮಡಿಯಾದರೆ ಹೊರೆ ಸುಮಾರು ಮೂರು ಪಟ್ಟು! ನಾಲ್ಕು ಲೈನಿನ ಗುಂಪಿನಲ್ಲಿ ಒಂದೊಂದು ಲೈನೂ ಗಂಟೆಯ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ ದುಡಿಯುತ್ತದೆ. ಮೂವತ್ತರ ಗುಂಪಿನಲ್ಲಿ ಮೂರನೆಯ ಎರಡು ಭಾಗ ದುಡಿಯುತ್ತದೆ. ಗುಂಪು ದೊಡ್ಡದಾದಷ್ಟೂ ಲೈನಿಗೆ ಕೊಟ್ಟ ಬಾಡಿಗೆ ಗಿಟ್ಟುತ್ತದೆ.

ಒಂದು ಊಹೆಯ ಜಿಲ್ಲಾ ಮಟ್ಟದ ಖಾಸಗಿ ಆಸ್ಪತ್ರೆಯನ್ನು ತೆಗೆದುಕೊಳ್ಳೋಣ. ಒಪಿಡಿ ಶುರುವಾಗುವ ಬೆಳಿಗ್ಗೆಯ ಗಂಟೆಯಲ್ಲಿ ಹೊರಗಿನಿಂದ 150 ಕರೆ, ಒಂದೊಂದೂ ಎರಡೂವರೆ ನಿಮಿಷ: 375 ನಿಮಿಷ, ಅಂದರೆ 6.25 ಎರ್ಲಾಂಗ್. ಒಳಗಿನಿಂದ ಹೊರಗೆ 60 ಕರೆ, ತಲಾ ಎರಡು ನಿಮಿಷ: 2 ಎರ್ಲಾಂಗ್. ಒಟ್ಟು 8.25. ಕೋಷ್ಟಕದ ಪ್ರಕಾರ 16 ಲೈನ್ ಸಾಕು. ಆದರೆ ನಮ್ಮಲ್ಲಿ ಬಹಳ ಕಡೆ "ಒಳಬರುವುದಕ್ಕೆ ಬೇರೆ, ಹೊರಹೋಗುವುದಕ್ಕೆ ಬೇರೆ" ಎಂದು ಲೈನ್‌ಗಳನ್ನು ಎರಡು ಪಾಲು ಮಾಡಿಡುತ್ತಾರೆ. ಹಾಗೆ ಮಾಡಿದರೆ 6.25ಕ್ಕೆ 13 ಲೈನ್, 2ಕ್ಕೆ 7 ಲೈನ್, ಒಟ್ಟು 20 ಬೇಕಾಗುತ್ತದೆ. ನಾಲ್ಕು ಲೈನಿನ ತಿಂಗಳ ಬಾಡಿಗೆ ವ್ಯರ್ಥ. ಇನ್ನು ಔಷಧಾಲಯಕ್ಕೆ ಎರಡು, ಲ್ಯಾಬಿಗೆ ಎರಡು, ಎಂಡಿ ಸಾಹೇಬರ ಕೋಣೆಗೆ ಒಂದು ಎಂದು ಹಂಚುತ್ತ ಹೋದರೆ ಮನೆ ಪಾಲಾದ ಮೇಲೆ ಒಲೆಗೊಂದು ಬಾಣಲೆ ಕೊಂಡ ಹಾಗೆ. ಎಲ್ಲ ಲೈನನ್ನೂ ಒಂದೇ ಹಂಟಿಂಗ್ ಗುಂಪಿಗೆ ಹಾಕಿ, ಯಾರಿಗೆ ಯಾವಾಗ ಬೇಕೋ ಆಗ ಸಿಗುವಂತೆ ಮಾಡುವುದು ಹಣ ಖರ್ಚಿಲ್ಲದ ಮೊದಲ ಸುಧಾರಣೆ. ತುರ್ತು ಚಿಕಿತ್ಸಾ ಘಟಕದ ನಂಬರ್ ಒಂದನ್ನು ಮಾತ್ರ ಈ ಮಾತಿನಿಂದ ಹೊರಗಿಡಿ.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಇಪಿಎಬಿಎಕ್ಸ್‌ನ ಎಸ್‌ಎಂಡಿಆರ್ ವರದಿಯಲ್ಲಿ. ಯಾವ ಎಕ್ಸ್‌ಟೆನ್ಷನ್ (ಒಳಗಿನ ಫೋನ್), ಯಾವ ಟ್ರಂಕ್ (ಹೊರಗಿನ ಲೈನ್), ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್ ಎಂಬುದೆಲ್ಲ ಸಾಲುಸಾಲಾಗಿ ಅದರಲ್ಲಿರುತ್ತದೆ. ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಹುಡುಗನಿಗೆ ಹೇಳಿದರೆ ಪೆನ್‌ಡ್ರೈವಿಗೆ ಹಾಕಿಕೊಡುತ್ತಾನೆ. ಎರಡು ವಾರದ್ದನ್ನು ತೆಗೆದು, ಅತಿ ಹೆಚ್ಚು ಮಾತಿರುವ ಗಂಟೆಯನ್ನು ಹುಡುಕಿ. ಹಬ್ಬದ ಮಾರನೆಯ ಸೋಮವಾರ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಇದೆ: ಲೈನ್ ಸಿಗದೆ ಹಿಂದಿರುಗಿದವನ ಕರೆ ಈ ವರದಿಯಲ್ಲಿ ಇರುವುದಿಲ್ಲ. ಹೊರಗಿನವನಿಗೆ ಬ್ಯುಸಿ ಸದ್ದು ಕೇಳಿಸಿದ್ದು ನಿಮ್ಮ ಪೆಟ್ಟಿಗೆಗೆ ತಿಳಿಯುವುದೇ ಇಲ್ಲ. ಆದ್ದರಿಂದ ಈಗಾಗಲೇ ಉಸಿರುಗಟ್ಟಿರುವ ವ್ಯವಸ್ಥೆಯ ವರದಿ ನೋಡಿ "ಇಷ್ಟೇ ತಾನೆ ದಟ್ಟಣೆ" ಎಂದುಕೊಳ್ಳಬೇಡಿ. ನಿಜವಾದದ್ದು ಅದಕ್ಕಿಂತ ಹೆಚ್ಚೇ ಇರುತ್ತದೆ. ಸಿಗದವನು ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಒತ್ತುತ್ತಾನೆ. ಎರ್ಲಾಂಗರ ಸೂತ್ರ ಈ ಹಟವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹೊರಗಿನ ಲೈನ್: ತಾಮ್ರ, ಪಿಆರ್‌ಐ, ಸಿಪ್, ಸಿಮ್

ಅನಲಾಗ್ ಟ್ರಂಕ್ ಕಾರ್ಡ್, ಅಂದರೆ ಸಾಮಾನ್ಯ ಲ್ಯಾಂಡ್‌ಲೈನ್ ಜೋಡಿಸುವ ಕಾರ್ಡ್, ಎಲ್ಲಕ್ಕಿಂತ ಸರಳ. ಎಂಟು ಪೋರ್ಟಿನ ಕಾರ್ಡ್‌ಗೆ ಎಂಟು ತಾಮ್ರದ ಜೋಡಿ. ಒಂದು ತಂತಿ ಕಡಿದರೆ ಒಂದು ಲೈನ್ ಹೋಗುತ್ತದೆ, ಉಳಿದ ಏಳು ನಡೆಯುತ್ತವೆ. ಕರೆಂಟ್ ಹೋಗಿ ಬ್ಯಾಟರಿಯೂ ಸತ್ತಾಗ ಒಂದೆರಡು ಲೈನನ್ನು ನೇರವಾಗಿ ಗೊತ್ತಾದ ಫೋನಿಗೆ ಜೋಡಿಸಿಬಿಡುವ ರಿಲೇ ಹಲವು ಕಾರ್ಡ್‌ಗಳಲ್ಲಿ ಇರುತ್ತದೆ. ಇಷ್ಟು ಗುಣ.

ದೋಷ ದಟ್ಟಣೆಯ ಲೆಕ್ಕದಲ್ಲಿ ಹೊರಬೀಳುತ್ತದೆ. ಹೊರಗಿನವನು ಫೋನ್ ಇಟ್ಟದ್ದು ಅನಲಾಗ್ ಲೈನಿನಲ್ಲಿ ಪೆಟ್ಟಿಗೆಗೆ ತಕ್ಷಣ ಗೊತ್ತಾಗಬೇಕಾದರೆ ಎಕ್ಸ್‌ಚೇಂಜಿನ ಕಡೆಯಿಂದ ಪೊಲಾರಿಟಿ (ಎರಡು ತಂತಿಗಳ ಧನ-ಋಣ) ಬದಲಾಗಬೇಕು. ಅದು ಬರದಿದ್ದರೆ ಪೆಟ್ಟಿಗೆ ಬ್ಯುಸಿ ಟೋನನ್ನು ಕೇಳಿ, ಇದು ಬ್ಯುಸಿ ಟೋನೇ ಹೌದೆಂದು ಖಚಿತಪಡಿಸಿಕೊಂಡು ಆಮೇಲೆ ಲೈನ್ ಬಿಡುತ್ತದೆ. ಹೀಗೆ ಕರೆಗೆ ಇಪ್ಪತ್ತು ಸೆಕೆಂಡ್ ಸುಮ್ಮನೆ ಹಿಡಿದಿಟ್ಟಿತು ಎನ್ನೋಣ. ನಮ್ಮ ಆಸ್ಪತ್ರೆಯ 210 ಕರೆಗಳಿಗೆ ಅದು 70 ನಿಮಿಷ, ಅಂದರೆ ಸುಮಾರು 1.17 ಎರ್ಲಾಂಗ್. ಯಾರೂ ಮಾತನಾಡದ, ಆದರೂ ಲೈನ್ ತಿನ್ನುವ ಹೊರೆ ಅದು. 16 ಲೈನ್ ಸಾಕೆಂದಿದ್ದು 17ಕ್ಕೆ ಹೋಯಿತು. ಟೋನ್ ಗುರುತಿಸುವುದು ಪೂರ್ತಿ ತಪ್ಪಿದರೆ ಲೈನ್ "ನೇತಾಡುತ್ತದೆ". ಯಾರಾದರೂ ಬಂದು ಕಾರ್ಡ್ ರೀಸೆಟ್ ಮಾಡುವ ತನಕ ಅದು ಇದ್ದೂ ಇಲ್ಲ. ಅನಲಾಗ್ ಇಟ್ಟುಕೊಳ್ಳುವವರು ಲೈನ್ ಕೊಡುವ ಕಂಪನಿಗೆ ಪೊಲಾರಿಟಿ ರಿವರ್ಸಲ್ ಹಾಕಿಕೊಡಿ ಎಂದು ಬರವಣಿಗೆಯಲ್ಲಿ ಕೇಳಬೇಕು.

ಪಿಆರ್‌ಐ ಎಂದರೆ ಇ1 ಕೊಂಡಿ, ಒಂದೇ ಕೇಬಲ್ಲಿನಲ್ಲಿ ಹಲವು ಕರೆ ಹೊರುವ ಡಿಜಿಟಲ್ ಲೈನ್. ಸೆಕೆಂಡಿಗೆ 2.048 ಮೆಗಾಬಿಟ್, ಅದರಲ್ಲಿ 64 ಕಿಲೋಬಿಟ್‌ನ 32 ಕಾಲಖಂಡಗಳು (ಸರದಿಯ ಮೇಲೆ ಹಂಚಿದ ಹಾದಿಗಳು). ಒಂದು ಹೊಂದಾಣಿಕೆಗೆ, ಇನ್ನೊಂದು ಕರೆ ಎಬ್ಬಿಸುವ, ಮುಗಿಸುವ ಸಂಕೇತಗಳಿಗೆ, ಉಳಿದ 30 ಮಾತಿಗೆ. ಫೋನ್ ಇಟ್ಟದ್ದು ಸಂಕೇತ ಚಾನೆಲ್‌ನಲ್ಲಿ ಆ ಕ್ಷಣವೇ ಬರುವುದರಿಂದ ನೇತಾಡುವ ಲೈನಿನ ರಗಳೆಯೇ ಇಲ್ಲ. ಒಳಬರುವ ಕರೆಯೂ ಹೊರಹೋಗುವ ಕರೆಯೂ ಒಂದೇ ಲೈನಿನಲ್ಲಿ ಡಿಕ್ಕಿ ಹೊಡೆಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಡಿಐಡಿ ನಂಬರ್ ತೆಗೆದುಕೊಂಡರೆ ಹೊರಗಿನವರು ಆಪರೇಟರ್ ಇಲ್ಲದೆ ನೇರವಾಗಿ ವಾರ್ಡಿಗೋ ವಿಭಾಗಕ್ಕೋ ಕರೆ ಮಾಡಬಹುದು. ಮೂವತ್ತು ಚಾನೆಲ್ ಎಂದರೆ ಇಪ್ಪತ್ತು ಎರ್ಲಾಂಗ್. ನಮ್ಮ ಎಂಟೂಕಾಲು ಎರ್ಲಾಂಗಿನ ಆಸ್ಪತ್ರೆಗೆ ಮುಂದಿನ ಕಟ್ಟಡ ಕಟ್ಟಿದ ಮೇಲೂ ಸಾಕಾಗುವಷ್ಟು.

ಅದರ ಅಪಾಯವೂ ಅಷ್ಟೇ ನೇರ. ಮೂವತ್ತು ಚಾನೆಲ್ ಬರುವುದು ಒಂದೇ ಕೇಬಲ್ಲಿನಲ್ಲಿ, ಕೂರುವುದು ಒಂದೇ ಕಾರ್ಡಿನಲ್ಲಿ. ರಸ್ತೆ ಅಗೆಯುವ ಜೆಸಿಬಿ ಒಂದು ಸಲ ಹಲ್ಲು ಊರಿದರೆ ಆಸ್ಪತ್ರೆಯ ಎಲ್ಲ ನಂಬರೂ ಮೂಕ. ಪಿಆರ್‌ಐ ಹಾಕಿಸಿಕೊಂಡವರು ಎರಡು ಅನಲಾಗ್ ಲೈನನ್ನು ಕಿತ್ತುಹಾಕದೆ ಉಳಿಸಿಕೊಳ್ಳಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಡೇಟಾ ಲಿಂಕ್ ಮೇಲೆ ಕರೆ ತರುವ ಸಿಪ್ ಟ್ರಂಕ್‌ನ ಮೋಡಿ ಎಂದರೆ ಬೇಕಾದಷ್ಟೇ ಚಾನೆಲ್ ಕೊಳ್ಳಬಹುದು: ಇಂದು ಹದಿನಾರು, ಮುಂದಿನ ವರ್ಷ ಇಪ್ಪತ್ತು. ಬ್ಯಾಂಡ್‌ವಿಡ್ತ್ ಲೆಕ್ಕ ಕಷ್ಟವಲ್ಲ. ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಅಂಕಿಗಳಾಗಿಸುವ ಒಂದು ವಿಧಾನ) ಮಾತು 64 ಕಿಲೋಬಿಟ್, ಆದರೆ ಇಪ್ಪತ್ತು ಮಿಲಿಸೆಕೆಂಡಿಗೊಂದು ಪೊಟ್ಟಣ ಕಟ್ಟಿ ವಿಳಾಸ ಅಂಟಿಸುವಾಗ ಈಥರ್ನೆಟ್ ಮೇಲೆ ಅದು 87 ಕಿಲೋಬಿಟ್ ಆಗುತ್ತದೆ. ಹದಿನಾರು ಕರೆಗೆ ಒಂದು ದಿಕ್ಕಿಗೆ 1.4 ಮೆಗಾಬಿಟ್, ಮೂವತ್ತಕ್ಕೆ 2.6. ಜಿ.729 ಬಳಸಿದರೆ ಕರೆಗೆ 31 ಕಿಲೋಬಿಟ್ ಸಾಕು, ಆದರೆ ಫ್ಯಾಕ್ಸ್ ಅದರಲ್ಲಿ ಹಾಯುವುದಿಲ್ಲ. ಫೈಬರ್ ಕಾಲದಲ್ಲಿ ಎರಡು ಮೆಗಾಬಿಟ್ ಉಳಿಸಲು ದನಿಯ ಗುಣ ಕೆಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಡ್ಡತನ. ಸಿಸಿಟಿವಿ, ಎಕ್ಸ್-ರೇ ಚಿತ್ರ, ಸಿಬ್ಬಂದಿಯ ವೈಫೈ ಎಲ್ಲವೂ ಓಡುವ ಅದೇ ಇಂಟರ್ನೆಟ್ ಸಂಪರ್ಕದಲ್ಲಿ ಮಾತನ್ನೂ ತುರುಕಬೇಡಿ. ಸೇವೆ ಕೊಡುವ ಕಂಪನಿಯ ಪ್ರತ್ಯೇಕ ಲಿಂಕ್‌ನಲ್ಲೇ ಸಿಪ್ ಬರಲಿ. ಅಂತರ್ಜಾಲದಲ್ಲಿ ಬಂದ ಕರೆಯನ್ನು ಕದ್ದು ಊರಿನ ಫೋನ್ ಜಾಲಕ್ಕೆ ದಾಟಿಸುವುದು ಅಪರಾಧ ಎಂಬುದೂ ನೆನಪಿರಲಿ. "ಇದರಲ್ಲಿ ವಿದೇಶಿ ಕರೆಯೂ ಪುಕ್ಕಟೆ" ಎಂದು ಯಾವನಾದರೂ ಪಿಸುಗುಟ್ಟಿದರೆ ಅವನನ್ನು ಬಾಗಿಲ ತನಕ ಬಿಟ್ಟುಬನ್ನಿ.

ಸಿಮ್ ಹಾಕುವ ಜಿಎಸ್‌ಎಂ ಅಥವಾ 4ಜಿ ಕಾರ್ಡ್ ಪೂರಕವೇ ಹೊರತು ಮುಖ್ಯ ದಾರಿಯಲ್ಲ. ಒಂದು ಸಿಮ್‌ಗೆ ಒಂದು ಕರೆ. ಇಪಿಎಬಿಎಕ್ಸ್ ಕೂರುವುದು ಸಾಮಾನ್ಯವಾಗಿ ನೆಲಮಾಳಿಗೆಯ ಕರೆಂಟ್ ಕೋಣೆಯಲ್ಲಿ, ಅಲ್ಲಿ ಸಿಗ್ನಲ್ ಬರಲು ಮಹಡಿಯ ತನಕ ಆಂಟೆನಾ ಕೇಬಲ್ ಎಳೆಯಬೇಕು. ಪಿಆರ್‌ಐ ಕಡಿದ ದಿನ ಎರಡು ಸಿಮ್ ಇದ್ದರೆ ಮಾನ ಉಳಿಯುತ್ತದೆ, ಅಷ್ಟಕ್ಕೆ ಅದು ಯೋಗ್ಯ. ಸಿಮ್ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ಇರಲಿ. ಗುಮಾಸ್ತರ ಸ್ವಂತ ಸಿಮ್ ಹಾಕಿ, ಅವರು ಕೆಲಸ ಬಿಟ್ಟ ದಿನ ಪರದಾಡುವ ಕಡೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಟ್ರಂಕ್ ಯಾವುದೇ ಇರಲಿ, ಪ್ರೋಗ್ರಾಮಿಂಗ್‌ನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು ಎಂಬ ನಿಯಮ ಬಂತು. ನಮ್ಮ ಹಳೆಯ ಇಪಿಎಬಿಎಕ್ಸ್‌ಗಳಲ್ಲಿ ಎಸ್‌ಟಿಡಿ ಬೀಗ ಎಂದರೆ ಸೊನ್ನೆಯಿಂದ ಶುರುವಾಗುವ ನಂಬರನ್ನು ತಡೆಯುವುದು. ಎರಡೂ ಸೇರಿದಾಗ ಬೀಗ ಹಾಕಿದ ಎಕ್ಸ್‌ಟೆನ್ಷನ್‌ಗಳಿಂದ ಮೊಬೈಲಿಗೇ ಕರೆ ಹೋಗದಂತಾಗುತ್ತದೆ. ಲೈನ್ ಕಡಿಮೆಯಾಗಿದೆ, ಹೊಸ ಕಾರ್ಡ್ ಹಾಕಿಸಬೇಕು ಎಂದು ಕೊಟೇಷನ್ ತರಿಸುವ ಮುನ್ನ ಈ ಪಟ್ಟಿಯನ್ನೊಮ್ಮೆ ತೆರೆದು ನೋಡಿಸಿ.

ಹಾಗಾದರೆ ಯಾವುದು? ಮೂರು ಎರ್ಲಾಂಗ್ ಒಳಗೆ, ಅಂದರೆ ಎಂಟು ಲೈನ್ ಒಳಗೆ ಮುಗಿಯುವ ಸಣ್ಣ ಕಚೇರಿಗೆ ಅನಲಾಗ್ ಸಾಕು, ಪೊಲಾರಿಟಿ ರಿವರ್ಸಲ್ ಇದ್ದರೆ. ಹತ್ತು ಲೈನ್ ದಾಟುವಲ್ಲಿ ಅನಲಾಗ್ ಬೇಡ. ಹತ್ತು ಮತ್ತು ಮೂವತ್ತರ ನಡುವೆ ನಂಬಿಕೆಯ ಫೈಬರ್ ಲಿಂಕ್ ಸಿಗುವ ಊರಿನಲ್ಲಿ ಸಿಪ್, ಇಲ್ಲದ ಕಡೆ ಪಿಆರ್‌ಐ. ಸಿಪ್ ಆರಿಸಿದವರು ಮುಂದೆ ಹೇಳುವ ವಿಒಐಪಿ ಕಾರ್ಡಿನ (ನೆಟ್‌ವರ್ಕಿನಲ್ಲಿ ಬರುವ ದನಿಯನ್ನು ಪೆಟ್ಟಿಗೆಗೆ ಒಗ್ಗಿಸುವ ಕಾರ್ಡ್) ಲೆಕ್ಕವನ್ನು ತಪ್ಪದೆ ಓದಬೇಕು.

ಎಕ್ಸ್‌ಟೆನ್ಷನ್ ಕಾರ್ಡ್: ಎಂಟೋ ಮೂವತ್ತೆರಡೋ

ಸಾದಾ ಫೋನಿನ ಎಸ್‌ಎಲ್‌ಟಿ ಕಾರ್ಡ್‌ಗಳು 8, 16, 24, 32 ಪೋರ್ಟ್‌ಗಳಲ್ಲಿ ಬರುತ್ತವೆ. ಪೋರ್ಟಿಗೆ ಬೀಳುವ ಬೆಲೆ ನೋಡಿದರೆ ದೊಡ್ಡ ಕಾರ್ಡ್ ಅಗ್ಗ, ಸ್ಲಾಟೂ ಉಳಿಯುತ್ತದೆ. ಬಯಲುಸೀಮೆಯ ಒಂದೇ ಕಟ್ಟಡದ ಕಚೇರಿಯಾದರೆ ನಾನೂ ದೊಡ್ಡದನ್ನೇ ಹೇಳುತ್ತೇನೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಾತು ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಮೊದಲು ಬಲಿಯಾಗುವುದು ಎಕ್ಸ್‌ಟೆನ್ಷನ್ ಕಾರ್ಡ್. ಸಿಡಿಲು ನೇರವಾಗಿ ಹೊಡೆಯಬೇಕೆಂದೇನೂ ಇಲ್ಲ. ಮುಖ್ಯ ಕಟ್ಟಡದಿಂದ ತೋಟದಾಚೆಯ ಕಾಟೇಜಿಗೋ ಗೇಟಿನ ವಾಚ್‌ಮನ್ ಗೂಡಿಗೋ ಕಂಬದ ಮೇಲೆ ಎಳೆದ ತಂತಿ ಆಂಟೆನಾದಂತೆ ಏರುವೋಲ್ಟೇಜನ್ನು ಹಿಡಿದು ತರುತ್ತದೆ. ಘಟ್ಟದ ಮೇಲಿನ ಒಂದು ಲಾಡ್ಜ್‌ನಲ್ಲಿ ಅಂಥ ಕಾರ್ಡನ್ನು ಹೊರಗೆಳೆದಾಗ ಸುಟ್ಟ ಬೇಕಲೈಟ್ ವಾಸನೆ ಮೂಗಿಗೆ ಬಡಿಯಿತು. ಗೇಟಿನ ಫೋನಿಗೆ ಹೋಗುವ ಪೋರ್ಟಿನ ವೇರಿಸ್ಟರ್ (ಏರುವೋಲ್ಟೇಜ್ ತಡೆಯುವ ಬಿಡಿಭಾಗ) ಎರಡು ಹೋಳಾಗಿತ್ತು, ಪಕ್ಕದ ತಾಮ್ರದ ಗೆರೆ ಬೋರ್ಡಿನಿಂದ ಎದ್ದು ಸುರುಳಿ ಸುತ್ತಿಕೊಂಡಿತ್ತು. ಹಾಳಾದದ್ದು ಒಂದು ಪೋರ್ಟ್, ಆದರೆ ಕಾರ್ಡಿನ ನಡುವಿನ ಚಿಪ್ ಅದರೊಂದಿಗೇ ಹೋದ್ದರಿಂದ 32 ಫೋನುಗಳೂ ನಿಂತವು. ಬೇಸಿಗೆ ರಜೆಯ ಸೀಸನ್, ಲಾಡ್ಜ್ ಭರ್ತಿ. ಕಾರ್ಡ್ ಬೆಂಗಳೂರಿನಿಂದ ಬರಬೇಕಾಗಿತ್ತು.

ಅಂಥ ಕಡೆ ಹೀಗೆ ಮಾಡಿ: ಬಯಲಿನಲ್ಲಿ ಹಾದುಬರುವ ತಂತಿಗಳನ್ನೆಲ್ಲ ಒಂದು ಎಂಟು ಪೋರ್ಟಿನ ಕಾರ್ಡಿಗೆ ಕೂರಿಸಿ. ಹೋದರೆ ಅದೊಂದು ಹೋಗಲಿ. ಎಲ್ಲ ತಂತಿಗಳೂ ಬಂದು ಸೇರುವ ಎಂಡಿಎಫ್ ಚೌಕಟ್ಟಿನ ಕ್ರೋನ್ ಮಾಡ್ಯೂಲ್‌ಗಳಿಗೆ (ತಂತಿ ಸಿಕ್ಕಿಸುವ ಪಟ್ಟಿಗಳು) ಏರುವೋಲ್ಟೇಜನ್ನು ನೆಲಕ್ಕೆ ಹರಿಸುವ ಜಿಡಿ ಟ್ಯೂಬ್ ಇರುವ ರಕ್ಷಣಾ ಮ್ಯಾಗಜೀನ್ ಹಾಕಿಸಿ, ಅದರ ಅರ್ತಿಂಗ್ ನಿಜವಾಗಿಯೂ ಗುಂಡಿಯ ತನಕ ಹೋಗಿದೆಯೇ ಎಂದು ಕಣ್ಣಾರೆ ನೋಡಿ. ಮ್ಯಾಗಜೀನ್ ಇದ್ದು ಅರ್ತ್ ತಂತಿ ಗೋಡೆಯ ಮೊಳೆಗೆ ಸುತ್ತಿದ್ದರೆ ಅದು ಬರೀ ಅಲಂಕಾರ. ಆಸ್ಪತ್ರೆಯಲ್ಲಿ ಐಸಿಯು, ಶಸ್ತ್ರಚಿಕಿತ್ಸಾ ಕೋಣೆ, ತುರ್ತು ಘಟಕ ಇವುಗಳ ಎಕ್ಸ್‌ಟೆನ್ಷನ್‌ಗಳನ್ನು ಬೇರೆ ಬೇರೆ ಕಾರ್ಡ್‌ಗಳಿಗೆ ಹಂಚಬೇಕು. ಒಂದೇ ಮಹಡಿಯ ಫೋನುಗಳನ್ನು ಒಂದೇ ಕಾರ್ಡಿಗೆ ಪಂಚ್ ಮಾಡುವುದು ಕೆಲಸಗಾರನಿಗೆ ಸಲೀಸು, ಆದರೆ ಕಾರ್ಡ್ ಕೆಟ್ಟ ದಿನ ಇಡೀ ಮಹಡಿಗೆ ದನಿ ಇರುವುದಿಲ್ಲ.

ಸಾದಾ ಫೋನೋ, ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಐಪಿ ಫೋನೋ ಎಂಬ ಚರ್ಚೆಯಲ್ಲಿ ಒಂದು ಅಂಶ ಯಾರ ಬಾಯಲ್ಲೂ ಬರುವುದಿಲ್ಲ. ಸಾದಾ ಫೋನಿಗೆ ಕರೆಂಟ್ ಹೋಗುವುದು ಇಪಿಎಬಿಎಕ್ಸ್‌ನ 48 ವೋಲ್ಟ್ ಬ್ಯಾಟರಿಯಿಂದಲೇ, ಅದೇ ಎರಡೆಳೆ ತಂತಿಯಲ್ಲಿ. ಒಂದು ಬ್ಯಾಟರಿ ಸೆಟ್ ಚೆನ್ನಾಗಿದ್ದರೆ ಇಡೀ ಕಟ್ಟಡದ ಫೋನ್ ಬದುಕಿರುತ್ತದೆ. ಐಪಿ ಫೋನಿಗೆ ಪ್ರತಿ ಮಹಡಿಯಲ್ಲಿ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವಂಥದ್ದು), ಪ್ರತಿ ಸ್ವಿಚ್‌ಗೆ ಯುಪಿಎಸ್. ಕೇಬಲ್ 100 ಮೀಟರ್ ದಾಟುವಂತಿಲ್ಲ. ವಿಶಾಲ ಕ್ಯಾಂಪಸ್‌ನ ಕಾಲೇಜಿಗೆ ಇದ್ದ ತಾಮ್ರವನ್ನೇ ಉಳಿಸಿಕೊಂಡು ಸಾದಾ ಫೋನ್, ಹೊಸದಾಗಿ ಕಟ್ಟುವ ಆಡಳಿತ ಕಟ್ಟಡಕ್ಕೆ ಐಪಿ ಎಂದು ಬೆರೆಸುವುದು ಹೆಚ್ಚಿನ ಕಡೆ ಸರಿಹೋಗುತ್ತದೆ. ಆಪರೇಟರ್ ಮೇಜಿಗೆ ಮಾತ್ರ ಡಿಜಿಟಲ್ ಕೀ ಫೋನ್ ಬೇಕು, ಅದರಲ್ಲಿ ಜಿಪುಣತನ ಬೇಡ.

ಪೆಟ್ಟಿಗೆಯ ಒಳಗಿನ ಇಕ್ಕಟ್ಟು

ಲೈನ್ ಸಾಕಷ್ಟಿದೆ, ಎಕ್ಸ್‌ಟೆನ್ಷನ್ ಸಾಕಷ್ಟಿದೆ, ಆದರೂ ಕರೆ ಕೂಡಿಕೊಳ್ಳುವುದಿಲ್ಲ ಎಂದರೆ ನಡುವೆ ಎಲ್ಲೋ ದಾರಿ ಸಪೂರವಾಗಿದೆ ಎಂದರ್ಥ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕೆನಡಾದ ನಾರ್ಟೆಲ್ ಕಂಪನಿಯ ಮೆರಿಡಿಯನ್ 1. ಕಂಪನಿ 2009ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, ಅದರ ಕಚೇರಿ ದೂರವಾಣಿ ವಿಭಾಗ ಅದೇ ವರ್ಷ ಅವಾಯಾ ಕಂಪನಿಯ ಪಾಲಾಯಿತು. ಅದರ ಕಾರ್ಡ್‌ಗಳು ಹಳೆಯ ಮಾಲಿನ ಮಾರುಕಟ್ಟೆಯಲ್ಲಿ ಇಂದಿಗೂ ಕೈಬದಲಾಗುತ್ತಿವೆ.

ಮೆರಿಡಿಯನ್‌ನ ಒಂದು ಕಪಾಟಿನಲ್ಲಿ 16 ಕಾರ್ಡ್, ಒಂದೊಂದು ಡಿಜಿಟಲ್ ಕಾರ್ಡಿಗೆ 16 ಫೋನ್, ಒಟ್ಟು 256 ಫೋನ್. ಈ ಕಪಾಟನ್ನು ಕೇಂದ್ರಕ್ಕೆ ಜೋಡಿಸುವ ದಾರಿಗೆ ಸೂಪರ್‌ಲೂಪ್ ಎಂದು ಹೆಸರು, ಅದರಲ್ಲಿ ಮಾತಿಗೆ ಸಿಗುವ ಕಾಲಖಂಡ 120. ಮಾತನಾಡುತ್ತಿರುವ ಪ್ರತಿ ಫೋನೂ ಒಂದನ್ನು ಹಿಡಿಯುತ್ತದೆ. ಒಂದೇ ಕಪಾಟಿನ ಇಬ್ಬರು ಮಾತನಾಡಿಕೊಂಡರೆ ಎರಡು. ಸಾಧಾರಣ ಕಚೇರಿಯಲ್ಲಿ ಫೋನಿಗೆ 6 ಸಿಸಿಎಸ್ ಎಂದಿಟ್ಟುಕೊಂಡರೆ 256 ಫೋನಿಗೆ ಸುಮಾರು 43 ಎರ್ಲಾಂಗ್. 120ರ ದಾರಿಯಲ್ಲಿ ಆರಾಮ. ಅದೇ ಕಪಾಟು, ಅದೇ ಕಾರ್ಡ್‌ಗಳನ್ನು ಕಾಲ್ ಸೆಂಟರ್‌ಗೆ ಕೊಟ್ಟುನೋಡಿ. ಅಲ್ಲಿ ಒಬ್ಬೊಬ್ಬರೂ ಗಂಟೆಯಲ್ಲಿ ಐವತ್ತು ನಿಮಿಷ ಮಾತಿನಲ್ಲೇ ಇರುತ್ತಾರೆ, ಅಂದರೆ ಫೋನಿಗೆ 0.83 ಎರ್ಲಾಂಗ್‌ನ ಆಸುಪಾಸು, 256ಕ್ಕೆ 213. ದಾರಿಯೇ ಇಲ್ಲ! ಒಂದು ಪೋರ್ಟೂ ಕೆಟ್ಟಿಲ್ಲ, ಒಂದು ದೀಪವೂ ಕೆಂಪಾಗಿಲ್ಲ, ಆದರೂ ಅರ್ಧ ಜನ ಸುಮ್ಮನೆ ಕೂರಬೇಕು. ಇದಕ್ಕೆ ಎರಡು ಪರಿಹಾರ. ಒಂದು ಸೂಪರ್‌ಲೂಪಿಗೆ ಏಳೇ ಕಾರ್ಡ್ ಹಾಕಿ ಉಳಿದ ಸ್ಲಾಟ್ ಖಾಲಿ ಬಿಡುವುದು (112 ಫೋನ್, 120 ಕಾಲಖಂಡ, ಇಕ್ಕಟ್ಟೇ ಇಲ್ಲ), ಅಥವಾ ಒಂದು ಕಪಾಟಿಗೆ ನಾಲ್ಕು ಸೂಪರ್‌ಲೂಪ್ ತನಕ ಜೋಡಿಸಬಲ್ಲ ಕಂಟ್ರೋಲರ್ ಕಾರ್ಡನ್ನು ಕೊಳ್ಳುವುದು. ಎರಡು ಲೂಪ್ ಮಾತ್ರ ಹೊರುವ ಅಗ್ಗದ ಕಂಟ್ರೋಲರೂ ಇತ್ತು. ಹಳೆಯ ಮಾಲು ಕೊಳ್ಳುವವರು ಯಾವುದು ಎಂದು ಕೇಳದೆ ಕೊಂಡರೆ ಕಾರ್ಡ್ ಗೂಡಿನಲ್ಲಿ ಕೂರುತ್ತದೆ, ಕೆಲಸ ಅರ್ಧ ಆಗುತ್ತದೆ.

ಫೋನಿಗೆ ಎಷ್ಟು ಮಾತು ಎಂಬ ಈ ಪ್ರಶ್ನೆ ನಮ್ಮ ನಾಡಿಗೆ ಹೊಸತಲ್ಲ. 1984ರಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿತು. ಮೊದಲನೆಯದು 1986ರಲ್ಲಿ ನಡೆಯತೊಡಗಿದ್ದು ನಮ್ಮ ಕಿತ್ತೂರಿನಲ್ಲಿ. ಮನೆಮನೆಗೂ ಫೋನಿದ್ದ ದೇಶಗಳ ಯಂತ್ರಗಳನ್ನು ತಂದರೆ ಇಲ್ಲಿ ಏಗುವುದಿಲ್ಲ ಎಂಬುದು ಆ ಎಂಜಿನಿಯರುಗಳಿಗೆ ತಿಳಿದಿತ್ತು. ಊರಿಗೆಲ್ಲ ನಾಲ್ಕೇ ಫೋನಿದ್ದರೆ ಒಂದೊಂದರ ಮುಂದೆಯೂ ಸಾಲು, ಒಂದೊಂದರ ಹೊರೆಯೂ ಅಪಾರ. ಎಸಿ ಇಲ್ಲದ ಕೋಣೆಯಲ್ಲಿ, ಧೂಳಿನಲ್ಲಿ ಓಡಬೇಕೆಂಬ ಷರತ್ತು ಬೇರೆ. ಇಂದಿನ ಆಸ್ಪತ್ರೆಯ ಸ್ವಾಗತ ಮೇಜಿನ ಫೋನೂ ನಿರ್ದೇಶಕರ ಕೋಣೆಯ ಫೋನೂ ಕೊಟೇಷನ್‌ನಲ್ಲಿ ಒಂದೊಂದು ಪೋರ್ಟ್ ಅಷ್ಟೇ. ಹೊರೆಯಲ್ಲಿ ಒಂದು ಮತ್ತೊಂದರ ಇಪ್ಪತ್ತು ಪಟ್ಟು ಇರಬಹುದು.

ಈಗಿನ ಪೆಟ್ಟಿಗೆಗಳು "ನಾನ್-ಬ್ಲಾಕಿಂಗ್" (ಒಳಗೆ ದಾರಿಯ ಇಕ್ಕಟ್ಟಿಲ್ಲ) ಎಂದು ಬರೆದುಕೊಂಡೇ ಬರುತ್ತವೆ. ಕಾಲಖಂಡಗಳ ಮಟ್ಟಿಗೆ ಅದು ಬಹುತೇಕ ನಿಜ. ಇಕ್ಕಟ್ಟು ಜಾಗ ಬದಲಿಸಿ ವಿಒಐಪಿ ಕಾರ್ಡಿಗೆ ಬಂದು ಕೂತಿದೆ. ಐಪಿ ಫೋನು ಇನ್ನೊಂದು ಐಪಿ ಫೋನಿಗೆ ಮಾತನಾಡಿದರೆ ದನಿ ನೇರವಾಗಿ ನೆಟ್‌ವರ್ಕಿನಲ್ಲೇ ಹೋಗಬಹುದು, ಕಾರ್ಡಿಗೆ ಹೊರೆಯಿಲ್ಲ. ಐಪಿಯ ಕಡೆಯಿಂದ ಸಾದಾ ಫೋನಿಗೋ ಪಿಆರ್‌ಐಗೋ ದಾಟಬೇಕಾದರೆ ಮಾತ್ರ ದನಿಯನ್ನು ಪರಿವರ್ತಿಸುವ ಡಿಎಸ್‌ಪಿ ಚಿಪ್‌ನ ಒಂದು ಚಾನೆಲ್ ಬೇಕು. ಮೂವತ್ತು ಸಿಪ್ ಚಾನೆಲ್‌ಗೆ ತಿಂಗಳು ತಿಂಗಳು ಹಣ ಕಟ್ಟುತ್ತ, ಪೆಟ್ಟಿಗೆಯಲ್ಲಿ ಎಂಟು ಚಾನೆಲ್‌ನ ವಿಒಐಪಿ ಕಾರ್ಡ್ ಇಟ್ಟುಕೊಂಡು, ಎಲ್ಲ ಫೋನೂ ಸಾದಾ ಆಗಿದ್ದರೆ, ಒಂಬತ್ತನೆಯವನಿಗೆ ಕರೆ ಸಿಗುವುದಿಲ್ಲ. ಒಳಗಿನ ಐಪಿ ಫೋನು ಸಾದಾ ಫೋನಿಗೆ ಮಾಡುವ ಇಂಟರ್‌ಕಾಮ್ ಕರೆಯೂ ಅದೇ ಎಂಟರಲ್ಲಿ ಪಾಲು ಕೇಳುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಜಿ.729 ಹಾಕಿದೊಡನೆ ಚಾನೆಲ್ ಸಂಖ್ಯೆ ಇಳಿಯುತ್ತದೆ, ಏಕೆಂದರೆ ದನಿ ಕುಗ್ಗಿಸುವುದು ಚಿಪ್‌ಗೆ ಹೆಚ್ಚಿನ ದುಡಿಮೆ. ಇನ್ನು ಕೆಲವು ಕಡೆ ಕಾರ್ಡಿನಲ್ಲಿ 32 ಇದ್ದರೂ ಲೈಸೆನ್ಸ್ 16ಕ್ಕೆ ಮಾತ್ರ. ಬಾಯಿಮಾತಿಗೆ "ಮೂವತ್ತೆರಡು ಸಾರ್" ಎನ್ನುತ್ತಾರೆ.

"ನಮಸ್ಕಾರ, ಕನ್ನಡಕ್ಕಾಗಿ ಒಂದು ಒತ್ತಿ" ಎನ್ನುವ ಆಟೋ ಅಟೆಂಡೆಂಟ್‌ಗೂ ಪೋರ್ಟ್ ಲೆಕ್ಕವಿದೆ. ಗಂಟೆಗೆ 240 ಕರೆ, ಇಪ್ಪತ್ತೈದು ಸೆಕೆಂಡಿನ ಧ್ವನಿಮುದ್ರಣ: 1.67 ಎರ್ಲಾಂಗ್, ಆರು ಪೋರ್ಟ್ ಬೇಕು. ಪೆಟ್ಟಿಗೆಯೊಂದಿಗೆ ನಾಲ್ಕು ಪೋರ್ಟ್ ಬಂದಿದ್ದರೆ ಹೊಸದನ್ನು ಕೊಳ್ಳುವ ಮೊದಲು ಧ್ವನಿಮುದ್ರಣ ಕತ್ತರಿಸಿ. ಸಂಸ್ಥೆಯ ಇತಿಹಾಸ, ಸಂಸ್ಥಾಪಕರ ಆಶಯ ಎಲ್ಲ ತೆಗೆದು ಹನ್ನೆರಡು ಸೆಕೆಂಡಿಗೆ ಇಳಿಸಿದರೆ ನಾಲ್ಕೇ ಸಾಕಾಗುತ್ತದೆ. ಕರೆ ಮಾಡಿದವರೂ ಹರಸುತ್ತಾರೆ.

ಆರ್ಡರ್ ಕಾಗದದಲ್ಲಿ ಬರೆಸಬೇಕಾದದ್ದು

"200 ಪೋರ್ಟ್" ಎಂಬ ಸಾಲಿನ ಕೆಳಗೆ ಇಷ್ಟನ್ನು ಸೇರಿಸಲು ಮಾರುವವರಿಗೆ ಹೇಳಿ. ಏಕಕಾಲಕ್ಕೆ ಹೊರಗಿನೊಂದಿಗೆ ಎಷ್ಟು ಕರೆ, ಒಳಗೊಳಗೆ ಎಷ್ಟು ಕರೆ. ವಿಒಐಪಿ ಚಾನೆಲ್ ಯಾವ ಕೋಡೆಕ್‌ನಲ್ಲಿ ಎಷ್ಟು, ಅದರಲ್ಲಿ ಲೈಸೆನ್ಸ್ ಕೊಟ್ಟದ್ದು ಎಷ್ಟು. ಎಲ್ಲ ಕಾರ್ಡ್ ಹಾಕಿದ ಮೇಲೆ ಎಷ್ಟು ಸ್ಲಾಟ್ ಖಾಲಿ ಉಳಿಯುತ್ತದೆ, ಉಳಿದ ಸ್ಲಾಟಿಗೆ ಯಾವ ಕಾರ್ಡ್ ಬೇಕಾದರೂ ಹೊಂದುತ್ತದೆಯೇ ಇಲ್ಲವೇ (ಪಿಆರ್‌ಐ ಕಾರ್ಡಿಗೆ ಗೊತ್ತಾದ ಸ್ಲಾಟೇ ಬೇಕು ಎನ್ನುವ ಪೆಟ್ಟಿಗೆಗಳಿವೆ). ಕರೆ ನಡೆಯುತ್ತಿರುವಾಗಲೇ ಕಾರ್ಡ್ ತೆಗೆದು ಹಾಕಬಹುದೇ, ಅಥವಾ ಇಡೀ ಪೆಟ್ಟಿಗೆ ಆರಿಸಬೇಕೇ. ಎಸ್‌ಎಲ್‌ಟಿ ಕಾರ್ಡ್ ಎಷ್ಟು ಓಮ್‌ನ ಲೂಪ್ (ಹೋಗಿಬರುವ ತಂತಿಯ ಪ್ರತಿರೋಧ) ತನಕ ಫೋನನ್ನು ರಿಂಗ್ ಮಾಡಿಸಬಲ್ಲದು. ಕ್ಯಾಂಪಸ್ ದೊಡ್ಡದಿದ್ದರೆ ಕೊನೆಯ ಕಟ್ಟಡದ ಫೋನ್ ಹಚ್ಚಿ ತೋರಿಸಿದ ಮೇಲೆಯೇ ಬಿಲ್.

ಬಿಡಿ ಕಾರ್ಡ್ ವಿಚಾರದಲ್ಲಿ ಎಲ್ಲದಕ್ಕೂ ಒಂದೊಂದು ಇಟ್ಟುಕೊಳ್ಳುವಷ್ಟು ಹಣ ಯಾರ ಬಳಿಯೂ ಇರುವುದಿಲ್ಲ. ಜಿಲ್ಲಾ ಕೇಂದ್ರದಿಂದ ದೂರವಿರುವವರು ಒಂದು ಎಸ್‌ಎಲ್‌ಟಿ ಕಾರ್ಡನ್ನು, ನಿಮ್ಮಲ್ಲಿ ಅತಿ ಹೆಚ್ಚು ಇರುವ ಅಳತೆಯದ್ದನ್ನು, ಆರ್ಡರ್‌ನಲ್ಲೇ ಸೇರಿಸಿ. ಅದನ್ನು ಬೀರುವಿನಲ್ಲಿ ಮುಚ್ಚಿಡದೆ ಖಾಲಿ ಸ್ಲಾಟಿನಲ್ಲೇ ಹಾಕಿಸಿ, ಎರಡು ಎಕ್ಸ್‌ಟೆನ್ಷನ್ ಜೋಡಿಸಿ ಓಡಿಸುತ್ತಿರಿ. ಕೆಟ್ಟ ಕಾರ್ಡಿನ ಜಂಪರ್‌ಗಳನ್ನು (ಜೋಡಣೆ ತಂತಿಗಳನ್ನು) ಪಂಚಿಂಗ್ ಟೂಲ್ ಹಿಡಿದು ಅದಕ್ಕೆ ವರ್ಗಾಯಿಸುವುದು, ನಂಬರ್‌ಗಳನ್ನು ಅದರ ಪೋರ್ಟ್‌ಗಳಿಗೆ ಬದಲಿಸುವುದು ತಿಳಿದವನಿಗೆ ಹೆಚ್ಚೆಂದರೆ ಒಂದು ಮಧ್ಯಾಹ್ನದ ಕೆಲಸ.